ಕಣ್ಣು ತಿದ್ದಿದ್ದನ್ನು ಕ್ಯಾಮೆರಾ ತಿದ್ದುವುದಿಲ್ಲ

12 ಆಗಸ್ಟ್ 2023, ಶನಿವಾರ

ಬೆಳಗಿನಿಂದ ಮೋಡ. ನೆರಳಿಗೆ ಅಂಚೇ ಇಲ್ಲ. ಇಂಥ ಬೆಳಕಿನಲ್ಲಿ ಚಿತ್ರ ಸಪ್ಪೆ ಎನ್ನುವುದು ಅರ್ಧ ಸತ್ಯ. ಗೋಡೆಯ ಒರಟುತನ ತೋರಿಸಬೇಕಾದರೆ ಓರೆ ಬಿಸಿಲಿಗೆ ಕಾಯಲೇಬೇಕು. ಎಲೆಯ ಹಸಿರಿಗೆ, ತುಕ್ಕಿನ ಬಣ್ಣಕ್ಕೆ, ಮುಖಕ್ಕೆ ಮೋಡವೇ ಒಳ್ಳೆಯದು. ಆಕಾಶ ಮಾತ್ರ ಫ್ರೇಮಿನಿಂದ ಹೊರಗಿರಲಿ. ಒಂದು ಮೂಲೆಯಲ್ಲಿ ಇಣುಕಿದರೂ ಬಿಳಿಚಿಕೊಂಡು ನೋಟವನ್ನೆಲ್ಲ ಅತ್ತ ಎಳೆಯುತ್ತದೆ.

ನಾವು ತೀಕ್ಷ್ಣವಾಗಿ ನೋಡುವುದು ದೃಷ್ಟಿಯ ನಡುವಿನ ಸುಮಾರು 2 ಡಿಗ್ರಿಯಷ್ಟನ್ನು. ಮುಖದ ಮೇಲೆ ಗಮನವಿದ್ದಾಗ ತಲೆಯ ಹಿಂದಿನ ಕಂಬ ಲೆಕ್ಕಕ್ಕೇ ಬರುವುದಿಲ್ಲ. ಒಂದು ಕಣ್ಣು ಮುಚ್ಚಿದರೆ ಆಳ ಕಡಿಮೆಯಾಗಿ, ಕಂಬ ತಲೆಗೆ ಅಂಟಿದ್ದು ಗೊತ್ತಾಗುತ್ತದೆ. ಆಗ ಝೂಮ್ ತಿರುಗಿಸಿ ಪ್ರಯೋಜನವಿಲ್ಲ, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ಯಾವುದು ಯಾವುದರ ಹಿಂದೆ ಬೀಳುತ್ತದೆ ಎನ್ನುವುದನ್ನು ನಿಂತ ಜಾಗ ತೀರ್ಮಾನಿಸುತ್ತದೆ, ಫೋಕಲ್ ಲೆಂತ್ (ಲೆನ್ಸಿನ ಝೂಮ್ ಅಳತೆ) ಅಲ್ಲ. ಆಮೇಲೆ ಕಣ್ಣು ಕಿರಿದಾಗಿಸಿ ನೋಡಿ: ವಿವರ ಅಳಿಸಿ, ಕಪ್ಪು ಎಲ್ಲಿ, ಬಿಳಿ ಎಲ್ಲಿ ಎಂಬುದಷ್ಟೇ ಉಳಿಯುತ್ತದೆ. ಅಲ್ಲಿ ಆಕಾರ ನಿಲ್ಲದಿದ್ದರೆ ಶಟರ್ ಒತ್ತುವ ಅಗತ್ಯವಿಲ್ಲ.

ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಸುಣ್ಣದ ಗೋಡೆಯೂ ಕರಿಬೆಕ್ಕೂ ಒಂದೇ. ಎರಡನ್ನೂ ನಡುಬೂದಿಗೆ ತರಲು ನೋಡುತ್ತದೆ. ಫ್ರೇಮ್ ತುಂಬ ಗೋಡೆಯಿದ್ದರೆ ಎಕ್ಸ್‌ಪೋಷರ್ +1ರಿಂದ +2 ಸ್ಟಾಪ್ (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಇಳಿದರೆ ಅರ್ಧ), ಬೆಕ್ಕಿದ್ದರೆ −1ರ ಆಸುಪಾಸು. ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆಯ ನಕ್ಷೆ) ಬಲ ಅಂಚಿಗೆ ಒತ್ತಿಕೊಂಡು ನಿಂತಿದ್ದರೆ ಎಕ್ಸ್‌ಪೋಷರ್ ಇಳಿಸಿ. ಪೂರ್ತಿ ಸುಟ್ಟ ಬಿಳಿಯಿಂದ ರಾ ಫೈಲ್ (ಸೆನ್ಸರಿನ ಸಂಸ್ಕರಿಸದ ದತ್ತಾಂಶ) ಕೂಡ ಏನನ್ನೂ ಹೊರತೆಗೆಯಲಾರದು.

ಸೃಜನಶೀಲತೆ ಎಂದು ದೊಡ್ಡದಾಗಿ ಕರೆಯುವುದರ ಬಹುಪಾಲು ಇಂಥ ತೀರ್ಮಾನಗಳೇ. 1927ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕ್ಯಾಲಿಫೋರ್ನಿಯಾದ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಲ್ಲಿ ತೆಗೆದರು. ಆಕಾಶ ತಮಗೆ ಬೇಕಾದಷ್ಟು ಕಪ್ಪಾಗದು ಅನಿಸಿ, ಉಳಿದಿದ್ದ ಕೊನೆಯ ಗಾಜಿನ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿಯನ್ನು ತಡೆಯುವುದರಿಂದ ಆಕಾಶ ಹೆಚ್ಚುಕಡಿಮೆ ಕಪ್ಪಾಯಿತು.

ಡಿಜಿಟಲ್‌ನಲ್ಲಿ ಇದರ ಅಭ್ಯಾಸಕ್ಕೆ ಕ್ಯಾಮೆರಾವನ್ನು ರಾ ಮತ್ತು ಮೊನೊಕ್ರೋಮ್‌ಗೆ ಇಡಬಹುದು. ಪರದೆ ಕಪ್ಪುಬಿಳುಪು ತೋರಿಸುತ್ತದೆ, ಬಣ್ಣ ಫೈಲಿನಲ್ಲಿ ಉಳಿದಿರುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ಕಪ್ಪುಬಿಳುಪಿಗೆ ಬದಲಿಸುವಾಗ ನೀಲಿಯ ಸ್ಲೈಡರ್ ಇಳಿಸಿದರೆ ಆಕಾಶ ಕಪ್ಪಾಗುತ್ತದೆ. ತೀರಾ ಇಳಿಸಿದರೆ ಆಕಾಶದಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆ) ಎದ್ದು, ಕೊಂಬೆಗಳ ಸುತ್ತ ಬಿಳಿ ಗೆರೆ ಮೂಡುತ್ತದೆ. ಆ ಗೆರೆ ಕಂಡಲ್ಲಿಂದ ಸ್ವಲ್ಪ ಹಿಂದೆ ನಿಲ್ಲಿಸಬೇಕು.