ತಪ್ಪು ಅಂದರೆ ಸೊಪ್ಪು

ಈ ಮಳೆಗಾಲದಲ್ಲಿ ನಮ್ಮ ಅಟ್ಟ ಸೋರಿತು. ಅಲ್ಲಿದ್ದ ರಟ್ಟಿನ ಪೆಟ್ಟಿಗೆಗಳನ್ನು ಗಡಿಬಿಡಿಯಲ್ಲಿ ಕೆಳಗಿಳಿಸಿದೆ. ಎರಡು ಪೆಟ್ಟಿಗೆಗಳಲ್ಲಿ ನನ್ನ ಅಂಗಡಿಯ ಹಳೆಯ ಫ್ಲಾಪಿ, ಸಿಡಿಗಳಿದ್ದವು. ಒಂದೊಂದರ ಮೇಲೂ ನನ್ನದೇ ಅಕ್ಷರ: ‘ನೇಜಿ ಹಾಡು, ಅಧ್ಯಾಯ 3’, ‘ಸಹಕಾರಿ ಬ್ಯಾಂಕ್, ಕೋಷ್ಟಕ’, ‘ಮರಳು, ಕೊನೆಯ ಪ್ರತಿ’. ನೇಜಿ ಅಂದರೆ ಭತ್ತದ ಸಸಿ, ಅದನ್ನು ನೆಡುವಾಗ ಹಾಡುವ ತುಳು ಹಾಡು ನೇಜಿ ಹಾಡು. ಆ ರಾತ್ರಿ ನೆಲ ಒರೆಸುವುದನ್ನು ಬಿಟ್ಟು ಅವನ್ನೇ ನೋಡುತ್ತಾ ಕೂತೆ.

1998ರಿಂದ 2019ರವರೆಗೆ ಅಸೈಗೋಳಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ ಕ್ಯಾಂಪಸ್ಸಿನ ಹತ್ತಿರದ ಪೇಟೆ ಅದು. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಬೈಂಡಿಂಗ್ ಯಂತ್ರ. ಪಿಎಚ್‌ಡಿ ಮಾಡುವವರು ಕೈಬರಹದ ಕಂತೆ ಹಿಡಿದುಕೊಂಡು ಬರುತ್ತಿದ್ದರು. ಗೈಡ್ ತಿದ್ದಿದ ಪ್ರತಿ ಮತ್ತೆ ಬರುತ್ತಿತ್ತು. ಮತ್ತೆ ತಿದ್ದು, ಮತ್ತೆ ಪ್ರಿಂಟ್. ಕೊನೆಗೆ ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ. ವೈವಾ ಮುಗಿಸಿದವರು ನೇರ ಅಂಗಡಿಗೇ ಬಂದು ಪೇಡೆ ಕೊಟ್ಟು ಹೋಗುತ್ತಿದ್ದರು. ನಾನು ಓದಿದ್ದು ಪಿಯುಸಿ. ಆದರೆ ಆ ಗುಡ್ಡದ ಮೇಲೆ ಏನೇನು ಕೆಲಸ ನಡೆಯುತ್ತದೆ ಎಂಬುದನ್ನು ಅಕ್ಷರ ಅಕ್ಷರವಾಗಿ ಓದಿದ್ದೇನೆ.

ಕೊಣಾಜೆಯ ಗುಡ್ಡದಲ್ಲಿ ಮೊದಲು ಇದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಹೊರಗಿನಿಂದ ನೋಡುವವರಿಗೆ ಅಲ್ಲಿ ಕ್ಲಾಸು, ಪರೀಕ್ಷೆ, ರಿಸಲ್ಟ್ ಅಷ್ಟೇ ಕಾಣುತ್ತದೆ. ನನ್ನ ಮೇಜಿನ ಮೇಲೆ ಕಂಡದ್ದೇ ಬೇರೆ. ಬೆಳಿಗ್ಗೆ ಭೌತವಿಜ್ಞಾನ, ಮಧ್ಯಾಹ್ನ ಭೂತಾರಾಧನೆ, ಸಂಜೆ ಮೀನಿನ ಎಣ್ಣೆ. ಮೀನಿನದ್ದು ಎಕ್ಕೂರಿನ ಮೀನುಗಾರಿಕಾ ಕಾಲೇಜಿನವರು ತರುತ್ತಿದ್ದರು. ಅದು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲ ಮೀನುಗಾರಿಕಾ ಕಾಲೇಜು. ನಮ್ಮ ಮನೆಯಲ್ಲಿ ಸಾರು ಮಾಡುವ ಬೂತಾಯಿ ಮೀನಿಗೆ ಲ್ಯಾಟಿನ್ ಹೆಸರೊಂದಿದೆ ಎಂದು ತಿಳಿದದ್ದು ಆ ಪುಟಗಳಿಂದ. ವಾಣಿಜ್ಯ ವಿಭಾಗದವರ ಕೋಷ್ಟಕಗಳು ಜಾಸ್ತಿ ಬರುತ್ತಿದ್ದವು. ಅವು ಹೊಟ್ಟೆಪಾಡು ನಡೆಸಿದವು, ಆದರೆ ನೆನಪಿನಲ್ಲಿ ಹೆಚ್ಚು ಉಳಿದಿಲ್ಲ.

ಮರಳಿನ ವಿಷಯ ಮಾತ್ರ ಎಂದೂ ಮರೆಯುವುದಿಲ್ಲ. ನನ್ನ ತವರು ಉಳ್ಳಾಲ. ಚಿಕ್ಕವಳಿದ್ದಾಗ ಸಂಜೆಯೆಲ್ಲ ಕಡಲ ಮರಳಿನಲ್ಲೇ. ಅಲ್ಲಲ್ಲಿ ಕಪ್ಪು ಗೆರೆ ಕಾಣುತ್ತಿತ್ತು. ನಾವು ಅದನ್ನು ಕೊಳೆ ಅಂದುಕೊಂಡಿದ್ದೆವು. ಒಂದು ದಿನ ಟೈಪ್ ಮಾಡುತ್ತಾ ಓದುತ್ತೇನೆ: ಉಳ್ಳಾಲದ ಮರಳಿನಲ್ಲಿ ಮೋನಜೈಟ್ ಎಂಬ ಖನಿಜ ಇದೆ, ಅದರಲ್ಲಿ ಥೋರಿಯಂ ಇದೆ, ಹಾಗಾಗಿ ಅಲ್ಲಿ ಸಹಜ ವಿಕಿರಣ ಬೇರೆ ಕಡೆಗಿಂತ ಹೆಚ್ಚು. ಕೊಣಾಜೆಯ ಭೌತವಿಜ್ಞಾನದವರು ಇದನ್ನು ಅಳೆದು 1993ರಲ್ಲೇ ಹೊರದೇಶದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದರು. ನಾನು ಆಡಿದ ಮರಳನ್ನು ಯಾರೋ ಪೊಟ್ಟಣ ಕಟ್ಟಿ, ಲ್ಯಾಬಿಗೆ ಒಯ್ದು, ಉಪಕರಣದ ಮುಂದಿಟ್ಟು ಗಂಟೆಗಟ್ಟಲೆ ಕಾದಿದ್ದಾರೆ. ನಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಪ್ಪು ಗೆರೆಯದ್ದಾ?” ಎಂದು ಕೇಳಿದರು.

2018ರಲ್ಲಿ ಇನ್ನೊಂದು ಸುದ್ದಿ ಬಂತು. ಕಪ್ಪೆಯದ್ದು. ನಮ್ಮ ವಿಶ್ವವಿದ್ಯಾನಿಲಯದ ಸಂಶೋಧಕರೂ ಇದ್ದ ತಂಡವೊಂದು ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ ಹೊಸ ಜಾತಿಯ ಕಪ್ಪೆ ಗುರುತಿಸಿತು. ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಮೈಕ್ರೋಹೈಲಾ ಕೊಡಿಯಾಲ್ ಎಂದು ಹೆಸರಿಟ್ಟರು. ಕೊಂಕಣಿಯಲ್ಲಿ ಮಂಗಳೂರಿಗೆ ಕೊಡಿಯಾಲ್ ಅನ್ನುತ್ತಾರಲ್ವಾ, ಅದೇ. ಅದರ ಹತ್ತಿರದ ನೆಂಟರು ಇರುವುದು ಆಗ್ನೇಯ ಏಷ್ಯಾದಲ್ಲಿ. ಕಪ್ಪೆ ಸಿಕ್ಕಿದ ಜಾಗ ಹಿಂದೆ ಮರದ ದಿಮ್ಮಿ ಹಾಕುತ್ತಿದ್ದ ಯಾರ್ಡು. ಹಾಗಾಗಿ ಹಡಗಿನಲ್ಲಿ ಬಂದ ಮರದ ಜೊತೆ ಅದರ ಹಿರಿಯರು ಇಲ್ಲಿಗೆ ಬಂದಿರಬಹುದು ಎಂಬ ಊಹೆಯೂ ಇದೆ. ಘಟ್ಟದ ಕಾಡಿನಲ್ಲಿ ಹೊಸ ಕಪ್ಪೆ ಸಿಕ್ಕಿತು ಅಂದರೆ ಯಾರಾದರೂ ನಂಬುತ್ತಾರೆ. ಫ್ಯಾಕ್ಟರಿಗಳ ನಡುವಿನ ನೀರುಗುಂಡಿಯ ಹತ್ತಿರ ಕೂತು ಕಿವಿಗೊಡಲು ಬೇರೆಯದೇ ಮನಸ್ಸು ಬೇಕು. ನನಗೆ ಆ ಮನಸ್ಸಿನ ಮೇಲೆ ದೊಡ್ಡ ಗೌರವ.

ಆದರೆ ನನ್ನ ಪ್ರೀತಿಯ ಕೆಲಸ ಎಂದರೆ ಜಾನಪದದ ಪ್ರಬಂಧಗಳು. ಅವುಗಳ ಕೊನೆಯಲ್ಲಿ ‘ವಕ್ತೃಗಳ ಪಟ್ಟಿ’ ಅಂತ ಇರುತ್ತದೆ. ಹಾಡಿದವರು, ಹೇಳಿದವರು, ಅವರ ವಯಸ್ಸು, ಊರು, ಕಸುಬು. ನಾನು ಆ ಪಟ್ಟಿಯನ್ನೇ ಮೊದಲು ಟೈಪ್ ಮಾಡುತ್ತಿದ್ದೆ. ಬೀಡಿ ಕಟ್ಟುವವರು, ಕೂಲಿಯವರು, ಶೇಂದಿ ಇಳಿಸುವ ಮೂರ್ತೆಯವರು. ನಮ್ಮಂಥವರೇ. ಡಾಕ್ಟರೇಟ್ ಪಡೆಯುವ ಪುಸ್ತಕವೊಂದು ಇವರ ಬಾಯಿಂದ ಹುಟ್ಟುತ್ತದಲ್ಲ ಎಂದು ಪ್ರತಿ ಸಲವೂ ಮೈ ಜುಂ ಅನ್ನುತ್ತಿತ್ತು.

ಒಬ್ಬ ಸಂಶೋಧಕಿ ನನಗೆ ಸಿರಿ ಪಾಡ್ದನ ಪುಸ್ತಕವಾದ ಕಥೆ ಹೇಳಿದ್ದರು. ಪಾಡ್ದನ ಅಂದರೆ ಕಥೆ ಹೇಳುವ ತುಳು ಹಾಡು, ಸಿರಿ ಅದರ ನಾಯಕಿ. ಬೆಳ್ತಂಗಡಿ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಕೃಷಿಕರು. 1990ರ ಡಿಸೆಂಬರಿನಲ್ಲಿ ಅವರು ಇಡೀ ಸಿರಿಕಾವ್ಯವನ್ನು ಹಾಡಿ ಹೇಳಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ದಂಪತಿ, ಕೊಣಾಜೆಯ ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ಅದನ್ನು ಧ್ವನಿಮುದ್ರಿಸಿ, ಬರೆದು, ಅನುವಾದಿಸಿದರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಪುಸ್ತಕವಾಯಿತು. 15,683 ಸಾಲು. ಗ್ರೀಕರ ಮಹಾಕಾವ್ಯ ಇಲಿಯಡ್ ಇರುವುದು 15,693 ಸಾಲು. ಹತ್ತೇ ಸಾಲು ವ್ಯತ್ಯಾಸ! ನಾನು ಅಂಗಡಿ ತೆರೆದದ್ದೂ ಅದೇ 1998ರಲ್ಲಿ. ಅದಕ್ಕೋ ಏನೋ, ಆ ಪುಸ್ತಕ ನನ್ನ ಓರಗೆಯದು ಅನಿಸುತ್ತದೆ.

ಇನ್ನೊಂದು ಉಡುಪಿಯದ್ದು. ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕೆಲಸ ಶುರುವಾಯಿತು. ಯು. ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. 1988ರಲ್ಲಿ ಮೊದಲ ಸಂಪುಟ, 1997ರಲ್ಲಿ ಆರನೆಯದು. ಅದಕ್ಕೂ ನೂರು ವರ್ಷ ಹಿಂದೆ, 1886ರಲ್ಲಿ, ಬಾಸೆಲ್ ಮಿಶನ್ನಿನ ಮ್ಯಾನರ್ ಪಾದ್ರಿ ಒಂದು ತುಳು ನಿಘಂಟು ತಂದಿದ್ದರು. ಅದು ಒಬ್ಬರ ಶ್ರಮ. ಉಡುಪಿಯದ್ದು ಗದ್ದೆ, ಕಡಲು, ಗುಡಿ, ಮನೆ ಎಲ್ಲ ಕಡೆ ಸುತ್ತಿ ತಂದದ್ದು. ಒಂದೇ ಪದವನ್ನು ಬೇರೆ ಬೇರೆ ಊರು, ಬೇರೆ ಬೇರೆ ಜಾತಿಯವರು ಹೇಗೆ ಹೇಳುತ್ತಾರೋ ಹಾಗೆಯೇ ಪಕ್ಕಪಕ್ಕ ಇಟ್ಟಿದ್ದಾರೆ. ಯಾವುದೂ ಶುದ್ಧ ಅಲ್ಲ, ಯಾವುದೂ ಅಶುದ್ಧ ಅಲ್ಲ. ಇದರ ಬೆಲೆ ನನಗೆ ಸರಿಯಾಗಿ ಗೊತ್ತಾದದ್ದು ಕಳೆದ ತಿಂಗಳು. ಅದನ್ನು ಹೇಳಲೆಂದೇ ಈ ಬರಹ.

ಪೆಟ್ಟಿಗೆ ಸಿಕ್ಕಿದ ಮೇಲೆ ನನ್ನ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿದೆ. ನಿಮ್ಮ ಫೈಲ್ ಇದೆ, ಬೇಕಾ ಅಂತ. ಸುಮಾರು ಜನರಿಗೆ ಬೇಕಿತ್ತು. ಯಾಕೆಂದರೆ ಆಗ ನಾವು ಟೈಪ್ ಮಾಡಿದ್ದು ‘ಬರಹ’, ‘ನುಡಿ’, ‘ಶ್ರೀಲಿಪಿ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಅವುಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುರುತುಗಳನ್ನು. ಕನ್ನಡದ ರೂಪ ಕೊಡುವುದು ಫಾಂಟು. ಆ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಗುರುತುಗಳು. ಪಿಎಚ್‌ಡಿ ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿಯನ್ನೂ ಕೊಡಬೇಕು ಎಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಈಗ ಶೋಧಗಂಗಾ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಪ್ರಬಂಧಗಳನ್ನು ಓದಬಹುದು. ಇದು ತುಂಬಾ ದೊಡ್ಡ ಕೆಲಸ. ಆದರೆ ಹಳೆಯ ಫಾಂಟಿನ ಕನ್ನಡ ಪ್ರಬಂಧದೊಳಗೆ ‘ನೇಜಿ’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಪದ ಅಲ್ಲೇ ಇರುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ. ಇಷ್ಟು ಜನ ಊರೂರು ಅಲೆದು ತಂದದ್ದು ಹೀಗೆ ಕಣ್ಣೆದುರೇ ಮರೆಯಾಗುವುದು ನನಗೆ ಸಹಿಸಲು ಆಗುವುದಿಲ್ಲ.

ಹಾಗಾಗಿ ಈಗ ರಾತ್ರಿ ಊಟ ಆದ ಮೇಲೆ ಎರಡು ಗಂಟೆ ಕೂರುತ್ತೇನೆ. ಬರೆದವರು ಒಪ್ಪಿದ ಫೈಲುಗಳನ್ನು ಮಾತ್ರ ಯೂನಿಕೋಡಿಗೆ, ಅಂದರೆ ಕನ್ನಡವನ್ನು ಕನ್ನಡವಾಗಿಯೇ ಉಳಿಸುವ ವ್ಯವಸ್ಥೆಗೆ, ಬದಲಾಯಿಸುತ್ತೇನೆ. ಪರಿವರ್ತಕಗಳು ಇವೆ, ಆದರೆ ಅವನ್ನೇ ನಂಬಿದರೆ ಆಗುವುದಿಲ್ಲ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಒತ್ತಕ್ಷರ ಬಿಟ್ಟುಹೋಗುತ್ತದೆ. ಸಾಲು ಸಾಲಾಗಿ ಓದಿ ತಿದ್ದಬೇಕು.

ಮೊದಲು ಮುಗಿದದ್ದು 2003ರ ನೇಜಿ ಹಾಡಿನ ಪ್ರಬಂಧ. ಬರೆದ ಸಂಶೋಧಕಿ ಈಗ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಪ್ರಿಂಟ್ ಹಿಡಿದುಕೊಂಡು ನಾವಿಬ್ಬರೂ ಬಂಟ್ವಾಳದ ಆಚೆಗಿನ ಹಳ್ಳಿಗೆ ಹೋದೆವು. ಅದರಲ್ಲಿನ ಹಾಡುಗಳಲ್ಲಿ ಅರ್ಧದಷ್ಟು ಹಾಡಿದ ಅಜ್ಜಿ ತೀರಿಹೋಗಿ ಹತ್ತು ವರ್ಷವಾಗಿದೆ. ಮಗಳು ಇದ್ದರು. ಬೀಡಿಯ ಮೊರ ಪಕ್ಕಕ್ಕಿಟ್ಟು ಕೂತರು. ಅವರಿಗೆ ಓದು ಬಾರದು. ನಾನು ಓದಿದೆ. ನಾಲ್ಕನೆಯ ಹಾಡಿನಲ್ಲಿ ಕೈ ಎತ್ತಿ ನಿಲ್ಲಿಸಿದರು.

“ಅಮ್ಮ ಸಪ್ಪು ಅಂತ ಹೇಳುತ್ತಿರಲಿಲ್ಲ. ತಪ್ಪು ಅಂತ ಹೇಳುತ್ತಿದ್ದರು.”

ನನಗೆ ಆ ಕ್ಷಣವೇ ನೆನಪಾಯಿತು. ಕೈಬರಹದಲ್ಲಿ ‘ತಪ್ಪು’ ಎಂದೇ ಇತ್ತು. ಸೊಪ್ಪಿಗೆ ತುಳುವಿನಲ್ಲಿ ನಮ್ಮ ಮನೆಯ ಮಾತು ಸಪ್ಪು. ಕೆಲವರು ತಪ್ಪು ಅನ್ನುತ್ತಾರೆ, ಇನ್ನು ಕೆಲವರು ಚಪ್ಪು. ತಕಾರ, ಸಕಾರ ಹೀಗೆ ಬದಲಾಗುವುದು ತುಳುವಿನ ಗುಣ. ಆಗ ನನಗೆ ಅದು ಗೊತ್ತಿರಲಿಲ್ಲ. ಬರೆಯುವಾಗ ಕೈತಪ್ಪಿದೆ ಎಂದುಕೊಂಡು, ಯಾರನ್ನೂ ಕೇಳದೆ, ಇಡೀ ಅಧ್ಯಾಯದಲ್ಲಿ ‘ಸಪ್ಪು’ ಮಾಡಿದ್ದೆ. ಒಂದೇ ಕೀಲಿ ಒತ್ತಿ ಎಲ್ಲ ಬದಲಾಯಿಸಿದ್ದೆ. ಗೈಡ್ ಕಣ್ಣಿಗೂ ಬೀಳಲಿಲ್ಲ. ಆ ಅಜ್ಜಿಯ ಬಾಯಿಯ ಒಂದು ಪದವನ್ನು ನಾನು ತೆಗೆದುಹಾಕಿದ್ದೆ.

ನಡೆದದ್ದನ್ನು ಅಲ್ಲೇ ಇಬ್ಬರಿಗೂ ಹೇಳಿದೆ, ಕ್ಷಮೆ ಕೇಳಿದೆ. ಸಂಶೋಧಕಿ ನನ್ನ ಕೈ ಹಿಡಿದುಕೊಂಡರು. ಮಗಳು ಹಾಡನ್ನು ಮೊದಲಿನಿಂದ ಹೇಳಿದರು. ಆ ಸಾಲಿನಲ್ಲಿ ಮೂರು ಕಡೆ ತಕಾರ ಬರುತ್ತದೆ. ನನ್ನ ‘ಸಪ್ಪು’ವಿನಿಂದ ಅದು ಮುರಿದುಹೋಗಿತ್ತು. ಅವರು ಹಾಡಿದಾಗ ಮತ್ತೆ ಕೂಡಿಕೊಂಡಿತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಇನ್ನೂ ಎರಡು ಹಾಡು ಅವರಿಗೆ ನೆನಪಿತ್ತು. ಅವು ಪ್ರಬಂಧದಲ್ಲಿ ಇಲ್ಲವೇ ಇಲ್ಲ.

ಪದವಿ ಸಿಕ್ಕಿದ ಪ್ರಬಂಧವನ್ನು ಈಗ ಬದಲಾಯಿಸುವ ಹಾಗಿಲ್ಲ. ಅದಕ್ಕೆ ಕೊನೆಯಲ್ಲಿ ಬೇರೆಯೇ ಒಂದು ಪುಟ ಸೇರಿಸಿದ್ದೇವೆ. ಯಾವ ಪುಟ, ಯಾವ ಸಾಲು, ಸರಿಯಾದ ಪದ ಯಾವುದು, ತಿದ್ದಿ ಹೇಳಿದವರು ಯಾರು. ಹೊಸ ಎರಡು ಹಾಡುಗಳೂ ಅಲ್ಲೇ ಇವೆ. ಆ ಮನೆಗೆ ಕೊಡುವ ಪ್ರತಿಗೆ ಹಳೆಯ ಕಾಲದ ಹಾಗೆ ಗಟ್ಟಿ ರಟ್ಟು ಹಾಕಿಸಿದ್ದೇನೆ. ಅಕ್ಷರ ಸ್ವಲ್ಪ ದೊಡ್ಡದಾಗಿ ಇಟ್ಟಿದ್ದೇನೆ, ಮೊಮ್ಮಗಳು ಆರನೆಯ ಕ್ಲಾಸು, ಅವಳೇ ಓದಿ ಹೇಳುತ್ತಾಳಂತೆ. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹೋಗಬೇಕು.