ಬಡತನ ಕಣ್ಣಿಗೆ ಬೀಳದ ಪ್ರವಾಸ

ಬಡತನ ಇದೆಯೆಂದು ಒಂದು ಜಾಗವನ್ನೇ ಕೈಬಿಡುವ ಪ್ರವಾಸಿಗರಿದ್ದಾರೆ. ಖರ್ಚು ಕಡಿಮೆ ಎಂದು ಅದೇ ಜಾಗವನ್ನು ಆರಿಸಿ, ಬಡತನ ಮಾತ್ರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವವರೂ ಇದ್ದಾರೆ. ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾದಂಥ ಕಡೆ ಊಟ, ಈಜುಕೊಳ, ಕಡಲತೀರ ಎಲ್ಲವೂ ರೆಸಾರ್ಟಿನ ಒಳಗೇ. ಪ್ಯಾಕೇಜಿನ ಹಣವನ್ನು ಹೊರಡುವ ಮೊದಲೇ ತಮ್ಮ ದೇಶದಲ್ಲಿ ಕಟ್ಟಿರುತ್ತಾರೆ. ಹಾಗಾಗಿ ಅದರ ದೊಡ್ಡ ಪಾಲು ವಿಮಾನ ಕಂಪನಿ, ಬುಕಿಂಗ್ ಸಂಸ್ಥೆ, ವಿದೇಶಿ ಹೋಟೆಲ್ ಮಾಲೀಕರಿಗೇ ಸೇರುತ್ತದೆ. ಗೇಟಿನಾಚೆ ಹಣ್ಣು ಮಾರುವವರಿಗೆ ಗಿರಾಕಿಯೇ ಇಲ್ಲ.

ಬ್ರೆಜಿಲ್‌ನ ರಿಯೋದ ರೊಸಿನ್ಯಾ, ಮುಂಬೈನ ಧಾರಾವಿಯಂಥ ಕೊಳೆಗೇರಿಗಳಿಗೆ ಬಡತನ ನೋಡಲೆಂದೇ ಹೋಗುವವರಿದ್ದಾರೆ. ಬುಕ್ ಮಾಡುವ ಮುನ್ನ ಗೈಡ್ ಅಲ್ಲಿಯವರೇ, ಗುಂಪು ಚಿಕ್ಕದೇ, ಫೋಟೊಗೆ ನಿರ್ಬಂಧವಿದೆಯೇ ಎಂದು ಕೇಳಿ. ಜೀಪಿನಲ್ಲಿ ಕೂತು ನೋಡುವ ಟೂರ್ ಬೇಡವೇ ಬೇಡ. ನಡೆದು ಹೋದರೆ ಅಲ್ಲಿಯ ಕಸುಬುಗಳೂ ಕಾಣುತ್ತವೆ, ಅಂಗಡಿಗೂ ನಾಲ್ಕು ಕಾಸು ಸೇರುತ್ತದೆ.

ನನ್ನನ್ನು ತುಂಬಾ ಕಾಡುವುದು ಅನಾಥಾಲಯ ಭೇಟಿ. ಕಾಂಬೋಡಿಯಾ, ನೇಪಾಳದಲ್ಲಿ ಇಂಥ ಕಡೆಗಳಲ್ಲಿರುವ ಬಹಳಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಪ್ರವಾಸಿಗರ ದೇಣಿಗೆಯ ಆಸೆಗೆ, ಓದಿಸುತ್ತೇವೆಂದು ನಂಬಿಸಿ ಬಡ ಮನೆಗಳಿಂದ ಮಕ್ಕಳನ್ನು ಕರೆತಂದದ್ದಿದೆ. ಭೇಟಿ ಹೆಚ್ಚಿದಷ್ಟು ಅನಾಥಾಲಯಗಳಿಗೆ ಇನ್ನಷ್ಟು ಮಕ್ಕಳು ಬೇಕಾಗುತ್ತಾರೆ. ವಾರಕ್ಕೊಬ್ಬ ಹೊಸ ಸ್ವಯಂಸೇವಕ ಬಂದು ಹೋಗುತ್ತಿದ್ದರೆ, ಅಲ್ಲಿನ ಮಗು ಹಚ್ಚಿಕೊಂಡವರೆಲ್ಲ ಬಿಟ್ಟು ಹೋಗುತ್ತಲೇ ಇರುತ್ತಾರೆ. ಕೊಡುವ ಮನಸ್ಸಿದ್ದರೆ ಮಕ್ಕಳನ್ನು ಮನೆಯಲ್ಲೇ ಉಳಿಸಿ ಓದಿಸಲು ನೆರವಾಗುವ ಸಂಸ್ಥೆಗೆ ಕೊಡಿ.

ಬೀದಿಯಲ್ಲಿ ಮಣಿಸರ ಮಾರುವ ಮಗುವಿನಿಂದಲೂ ಕೊಳ್ಳಬೇಡಿ. ವ್ಯಾಪಾರ ಚೆನ್ನಾಗಿ ಆದಷ್ಟೂ ಆ ಮಗುವನ್ನು ಶಾಲೆಗೆ ಕಳಿಸುವುದು ಮನೆಯವರಿಗೆ ನಷ್ಟವಾಗಿ ಕಾಣುತ್ತದೆ. ಅದೇ ಸರವನ್ನು ಪಕ್ಕದಲ್ಲಿ ಕೂತ ದೊಡ್ಡವರಿಂದ ಕೊಳ್ಳಬಹುದು.