ಆಕ್ಸ್‌ಫರ್ಡ್ ಅಂದ್ರೆ... ಇಂಗ್ಲೆಂಡಿನದಾ?

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು "ಎಲ್ಲಿ ಓದಿದ್ದು?" ಅಂತ ಕೇಳ್ತಾರೆ. "ಆಕ್ಸ್‌ಫರ್ಡ್" ಅಂದ ಕೂಡಲೇ ಅವರ ಮುಖ ಅರಳುತ್ತೆ. "ಮಿಸಿಸಿಪ್ಪಿಯ ಆಕ್ಸ್‌ಫರ್ಡ್" ಅಂದಾಗ ಬಾಡುತ್ತೆ. ಫಾರ್ಮಸಿ ಓದಲು ಎರಡು ವರ್ಷ ಅಲ್ಲಿದ್ದು ಬಂದ ಮೇಲೆ ಈ ಅರಳು-ಬಾಡು ನನಗೆ ಅಭ್ಯಾಸವಾಗಿಬಿಟ್ಟಿದೆ. ಆಮೇಲಿನ ಪ್ರಶ್ನೆಯೂ ಗೊತ್ತಿದ್ದದ್ದೇ: "ಅಮೆರಿಕದಲ್ಲಿ ಆ ಹೆಸರು ಯಾಕಿಟ್ರು?"

ನಮ್ಮ ಬಡಾವಣೆಗಳಲ್ಲಿ ಎರಡಂತಸ್ತಿನ ಮನೆ ಬಾಡಿಗೆಗೆ ಹಿಡಿದು "ಕೇಂಬ್ರಿಡ್ಜ್ ಪಬ್ಲಿಕ್ ಸ್ಕೂಲ್" ಅಂತ ಬೋರ್ಡ್ ಹಾಕ್ತಾರಲ್ಲ, ಅದೇ ಕಾರಣಕ್ಕೆ. ವ್ಯತ್ಯಾಸ ಇಷ್ಟೇ: ಅಲ್ಲಿನವರು ಬೋರ್ಡ್ ಹಾಕುವಾಗ ಸ್ಕೂಲೇ ಇರಲಿಲ್ಲ. ಉತ್ತರ ಮಿಸಿಸಿಪ್ಪಿಯ ಆ ಗುಡ್ಡಗಾಡು ಚಿಕಸಾ ಎಂಬ ಮೂಲನಿವಾಸಿ ಜನರ ನೆಲ. 1832ರ ಒಪ್ಪಂದದಲ್ಲಿ ಅದು ಅವರ ಕೈತಪ್ಪಿತು. ಹೋಕಾ ಎಂಬ ಚಿಕಸಾ ಹೆಂಗಸಿನಿಂದ ಜಮೀನು ಕೊಂಡವರು ಊರು ಕಟ್ಟಲು ಶುರುಮಾಡಿದರು. ರಾಜ್ಯ ಒಂದು ವಿಶ್ವವಿದ್ಯಾಲಯ ಕಟ್ಟುತ್ತದಂತೆ ಎಂಬ ಸುದ್ದಿ ಇತ್ತು. ಹೆಸರಿಗೆ ಮರುಳಾಗಿ ನಮ್ಮೂರಿಗೇ ಕೊಡಲಿ ಅಂತ 1837ರಲ್ಲಿ ಆಕ್ಸ್‌ಫರ್ಡ್ ಎಂದು ಹೆಸರಿಟ್ಟರು. ಗಾಳ ಕೆಲಸ ಮಾಡಿತು. 1841ರಲ್ಲಿ ಶಾಸನಸಭೆ ಮತಕ್ಕೆ ಹಾಕಿದಾಗ ಸಮುದ್ರ ತೀರದ ಇನ್ನೊಂದು ಊರನ್ನು ಆಕ್ಸ್‌ಫರ್ಡ್ ಸೋಲಿಸಿದ್ದು ಒಂದೇ ಒಂದು ಮತದಿಂದ. ಸನದು ಸಿಕ್ಕಿದ್ದು 1844ರಲ್ಲಿ. 1848ರಲ್ಲಿ 80 ಹುಡುಗರೊಂದಿಗೆ ಪಾಠ ಶುರು.

ಪಂಕ್ತಿಯಲ್ಲಿ ಪಲ್ಯ ಬರುವ ಹೊತ್ತಿಗೆ ಇಷ್ಟು ಹೇಳಿ ಮುಗಿಸುತ್ತೇನೆ. ಉಳಿದದ್ದು ಇಲ್ಲಿ.

ಆ ಕ್ಯಾಂಪಸ್ಸಿನ ಮೊದಲ ಕಟ್ಟಡ ಲೈಸಿಯಂ. ಬಿಳಿ ಕಂಬಗಳ, ಪೋಸ್ಟ್‌ಕಾರ್ಡಿನಂಥ ಕಟ್ಟಡ. ಕಟ್ಟುವ ಕೆಲಸದಲ್ಲಿ ದುಡಿದವರಲ್ಲಿ ಗುಲಾಮರೂ ಇದ್ದರು. ನಾನು ಫೋಟೋ ತೆಗೆದು ಮನೆಗೆ ಕಳಿಸಿದಾಗ ಇದು ನನಗೆ ಗೊತ್ತಿರಲಿಲ್ಲ.

ನನಗೆ ಅಲ್ಲಿ ಅತಿ ಇಷ್ಟವಾದ ಕಟ್ಟಡ ಬೇರೆ: ಬರ್ನಾರ್ಡ್ ವೀಕ್ಷಣಾಲಯ. ಫ್ರೆಡರಿಕ್ ಬರ್ನಾರ್ಡ್ ಉತ್ತರದ ರಾಜ್ಯದಿಂದ ಬಂದ ವಿಜ್ಞಾನಿ, 1856ರಿಂದ ಈ ವಿಶ್ವವಿದ್ಯಾಲಯದ ಮುಖ್ಯಸ್ಥ. ಅವನಿಗೆ ಈ ಕಾಡಿನೂರನ್ನು ಜಗತ್ತಿನ ದೊಡ್ಡ ಖಗೋಳ ಕೇಂದ್ರ ಮಾಡುವ ಹಂಬಲ. ಹದಿನೆಂಟೂವರೆ ಇಂಚಿನ ಮಸೂರದ ದೂರದರ್ಶಕಕ್ಕೆ ಮ್ಯಾಸಚೂಸೆಟ್ಸ್‌ನ ಕ್ಲಾರ್ಕ್ ಕುಟುಂಬದ ಕಾರ್ಖಾನೆಗೆ ಆರ್ಡರ್ ಕೊಟ್ಟ. ಆ ಜಾತಿಯ ದೂರದರ್ಶಕಗಳಲ್ಲಿ ಆಗ ಅದಕ್ಕಿಂತ ದೊಡ್ಡದು ಇರಲಿಲ್ಲ. ಮಸೂರ ತಯಾರಾಗುವಷ್ಟರಲ್ಲಿ ಗುಲಾಮಗಿರಿಯ ವಿಚಾರಕ್ಕೆ ಉತ್ತರ-ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರು. 1862ರ ಜನವರಿ 31ರ ರಾತ್ರಿ ಕ್ಲಾರ್ಕ್‌ನ ಮಗ ಅದನ್ನು ಪರೀಕ್ಷಿಸಲೆಂದು ಲುಬ್ಧಕ ನಕ್ಷತ್ರದ ಕಡೆ ತಿರುಗಿಸಿದಾಗ, ಪಕ್ಕದಲ್ಲೊಂದು ಮಂಕು ಚುಕ್ಕಿ ಕಂಡಿತು. ಲುಬ್ಧಕದ ಜೊತೆಗಾರ! ಹಾಗೊಂದು ನಕ್ಷತ್ರ ಇರಬೇಕೆಂದು ಖಗೋಳಜ್ಞರು ಲೆಕ್ಕದಲ್ಲಿ ಊಹಿಸಿದ್ದರೇ ಹೊರತು ಕಂಡವರಿರಲಿಲ್ಲ. ಮಸೂರ ಕೊನೆಗೆ ಶಿಕಾಗೊ ಪಾಲಾಯಿತು. ಆಕ್ಸ್‌ಫರ್ಡಿಗೆ ದಕ್ಕಿದ್ದು ದೂರದರ್ಶಕವಿಲ್ಲದ ಗುಮ್ಮಟ. ಕಟ್ಟಡ ಈಗಲೂ ನಿಂತಿದೆ.

ಬರ್ನಾರ್ಡ್‌ನದೇ ಇನ್ನೊಂದು ಕತೆ. 1859ರಲ್ಲಿ ವಿದ್ಯಾರ್ಥಿಯೊಬ್ಬ ಬರ್ನಾರ್ಡ್ ಮನೆಯ ಗುಲಾಮಳಾದ ಜೇನ್ ಎಂಬವಳ ಮೇಲೆ ಹಲ್ಲೆ ಮಾಡಿದ. ಬರ್ನಾರ್ಡ್ ಅವನನ್ನು ಹೊರಹಾಕಲು ಹೊರಟ. ಊರು ಸಿಟ್ಟಾದದ್ದು ಹಲ್ಲೆಗಲ್ಲ. ಬಿಳಿಯನ ವಿರುದ್ಧ ಗುಲಾಮಳ ಮಾತನ್ನು ನಂಬಿದ್ದಕ್ಕೆ. 1860ರಲ್ಲಿ ಆಡಳಿತ ಮಂಡಳಿ ಬರ್ನಾರ್ಡ್‌ನನ್ನೇ ವಿಚಾರಣೆಗೆ ಕರೆಯಿತು. "ನಾನೂ ಗುಲಾಮರ ಒಡೆಯನೇ" ಎಂಬ ಸಮರ್ಥನೆಯೂ ಅಲ್ಲಿ ಬಂತು. ಆರೋಪದಿಂದ ಪಾರಾದ. ಯುದ್ಧ ಶುರುವಾದಾಗ ಊರು ಬಿಟ್ಟು ಮುಂದೆ ಕೊಲಂಬಿಯಾ ಕಾಲೇಜಿನ ಮುಖ್ಯಸ್ಥನಾದ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿಗೆ ಇವನದೇ ಹೆಸರು. ಜೇನ್ ಮುಂದೇನಾದಳು ಅಂತ ಅಲ್ಲಿದ್ದಾಗ ನಾನು ಯಾರನ್ನೂ ಕೇಳಲಿಲ್ಲ.

1861ರಲ್ಲಿ ಹೆಚ್ಚುಕಮ್ಮಿ ಎಲ್ಲ ವಿದ್ಯಾರ್ಥಿಗಳೂ ದಕ್ಷಿಣದ ಸೇನೆಗೆ ಸೇರಿದರು. ಅವರ ತುಕಡಿಗೆ "ಯೂನಿವರ್ಸಿಟಿ ಗ್ರೇಸ್" ಎಂದು ಹೆಸರು. ಗೆಟ್ಟಿಸ್‌ಬರ್ಗ್ ಕದನದ ಕೊನೆಯ ದಿನದ ದಾಳಿಗೆ ನುಗ್ಗಿದವರಲ್ಲಿ ಸಾಯದೆ, ಗಾಯವಾಗದೆ, ಸೆರೆಸಿಗದೆ ಉಳಿದವರಿಲ್ಲ ಎನ್ನುತ್ತಾರೆ. 1864ರಲ್ಲಿ ಉತ್ತರದ ಸೈನಿಕರು ಊರಿನ ಚೌಕವನ್ನು ಸುಟ್ಟರು. ಈಗ ಅದೇ ಚೌಕದಲ್ಲಿ ಪುಸ್ತಕದಂಗಡಿಯ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯಬಹುದು.

ಇನ್ನು ಈ ವಿಶ್ವವಿದ್ಯಾಲಯಕ್ಕೆ "ಓಲ್ ಮಿಸ್" ಎಂಬ ಮುದ್ದಿನ ಹೆಸರು. ಟೀ ಶರ್ಟಿನಿಂದ ಫುಟ್‌ಬಾಲ್ ಮೈದಾನದವರೆಗೆ ಅದೇ. ಮಿಸಿಸಿಪ್ಪಿಯ ಗಿಡ್ಡ ರೂಪ ಅಂತ ನಾನೂ ಒಂದು ಸೆಮಿಸ್ಟರ್ ಪೂರ್ತಿ ನಂಬಿದ್ದೆ. ಅಲ್ಲ. 1890ರ ದಶಕದಲ್ಲಿ ವಾರ್ಷಿಕ ಸಂಚಿಕೆಗೆ ಹೆಸರು ಬೇಕಾದಾಗ ವಿದ್ಯಾರ್ಥಿನಿಯೊಬ್ಬಳು ಸೂಚಿಸಿದ್ದು. ಪ್ಲಾಂಟೇಶನ್ನುಗಳಲ್ಲಿ ಗುಲಾಮರು ಯಜಮಾನನ ಹೆಂಡತಿಯನ್ನು ಕರೆಯುತ್ತಿದ್ದ ಮಾತು. ನಮ್ಮ ಕಡೆಯ "ದೊಡ್ಡಮ್ಮೋರು" ಇದ್ದಂತೆ. ಗೊತ್ತಾದ ಮೇಲೂ ಆ ಶರ್ಟನ್ನು ಬಿಸಾಕಲಿಲ್ಲ, ಹಾಕಿಕೊಳ್ಳುವುದೂ ಇಲ್ಲ.

ಬಿಳಿಯರಿಗಷ್ಟೇ ತೆರೆದಿದ್ದ ಈ "ಓಲ್ ಮಿಸ್" ಬಾಗಿಲಿಗೆ 1961ರಲ್ಲಿ ಜೇಮ್ಸ್ ಮೆರೆಡಿತ್ ಅರ್ಜಿ ಹಾಕಿದ. ಒಂಬತ್ತು ವರ್ಷ ವಾಯುಪಡೆಯಲ್ಲಿದ್ದು ಬಂದ ಕಪ್ಪು ಯುವಕ. ಕೋರ್ಟು ಸೇರಿಸಿಕೊಳ್ಳಿ ಎಂದರೂ ಗವರ್ನರ್ ರಾಸ್ ಬಾರ್ನೆಟ್ ಖುದ್ದಾಗಿ ಅಡ್ಡ ನಿಂತ. 1962ರ ಸೆಪ್ಟೆಂಬರ್ 30ರ ರಾತ್ರಿ ಲೈಸಿಯಂ ಮುಂದೆ ಸಾವಿರಾರು ಜನ ಸೇರಿ ಕಲ್ಲು, ಬಾಟಲಿ, ಆಮೇಲೆ ಗುಂಡು. ಕಾವಲಿಗಿದ್ದ ಫೆಡರಲ್ ಮಾರ್ಷಲ್‌ಗಳ (ಕೇಂದ್ರ ಸರ್ಕಾರದ ಪೊಲೀಸರ) ಕೈಯಲ್ಲಿ ಅಶ್ರುವಾಯು. ಫ್ರಾನ್ಸಿನ ಪತ್ರಕರ್ತ ಪಾಲ್ ಗಿಹಾರ್ ಮತ್ತು ಏನು ನಡೀತಿದೆ ಅಂತ ನೋಡಲು ಬಂದ ಸ್ಥಳೀಯ ರಿಪೇರಿಯವನೊಬ್ಬ ಗುಂಡೇಟಿಗೆ ಸತ್ತರು. ಅಧ್ಯಕ್ಷ ಕೆನಡಿ ಸೇನೆ ಇಳಿಸಬೇಕಾಯಿತು. ಮರುದಿನ ಬೆಳಿಗ್ಗೆ ಮೆರೆಡಿತ್ ಹೋಗಿ ಹೆಸರು ನೋಂದಾಯಿಸಿದ. ಆಮೇಲಿನ ದಿನಗಳಲ್ಲಿ ಮಾರ್ಷಲ್‌ಗಳ ಕಾವಲಿನಲ್ಲೇ ಕ್ಲಾಸಿಗೆ ಹೋದ. ನಾನು ಅದೇ ಮರಗಳ ಕೆಳಗೆ ತಲೆಯಲ್ಲಿ ಬರೀ ಕೆಮಿಸ್ಟ್ರಿ ತುಂಬಿಕೊಂಡು ನಡೆದಿದ್ದೇನೆ.

ಅವನ ಪ್ರತಿಮೆ ಲೈಸಿಯಂ ಹಿಂದೆ ಇದೆ, 2006ರಲ್ಲಿ ನಿಲ್ಲಿಸಿದ್ದು. 2014ರಲ್ಲಿ ಯಾರೋ ಅದರ ಕೊರಳಿಗೆ ನೇಣಿನ ಹಗ್ಗ ಹಾಕಿದ್ದರು. 1906ರ ಕಾನ್ಫೆಡರೇಟ್ (ಅಂತರ್ಯುದ್ಧದ ದಕ್ಷಿಣದ ಸೇನೆಯ) ಸೈನಿಕನ ಪ್ರತಿಮೆಯನ್ನು 2020ರಲ್ಲಿ ಕ್ಯಾಂಪಸ್ಸಿನ ನಡುವಿನಿಂದ ಎತ್ತಿ ಅಲ್ಲೇ ಇರುವ ಸೈನಿಕರ ಸ್ಮಶಾನದ ಬಳಿ ಇಟ್ಟರು. ಊರಿನ ಕೋರ್ಟಿನ ಮುಂದಿರುವ ಇನ್ನೊಬ್ಬ ಸೈನಿಕನನ್ನು ಕದಲಿಸಲು ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಒಪ್ಪಲಿಲ್ಲ.

ಮೆರೆಡಿತ್ 1963ರ ಆಗಸ್ಟಿನಲ್ಲಿ ಪದವಿ ಪಡೆದ. ಗವರ್ನರ್ ಕಡೆಯವರು "ಎಂದೆಂದಿಗೂ ಇಲ್ಲ" ಎಂದು ಬರೆದ ಬಿಲ್ಲೆಗಳನ್ನು ಎದೆಗೆ ಚುಚ್ಚಿಕೊಂಡು ಓಡಾಡುತ್ತಿದ್ದ ಕಾಲ ಅದು. ಪದವಿ ದಿನ ಅವನೂ ಅದೇ ಬಿಲ್ಲೆ ಹಾಕಿಕೊಂಡಿದ್ದ, ತಲೆಕೆಳಗಾಗಿ.